ಭಾವ ತಿರುಗಿಸಿದ ವ್ಯಾನು

ಅವರು ನನಗೆ ಭಾವ ಅಲ್ಲ. ನಮ್ಮ ಹಾಡುಗಾರ ಗುಬ್ಬಿಯ ಅಕ್ಕನ ಗಂಡ, ಅಷ್ಟೇ. ಅವನು ಬೆಳಗಿಂದ ಸಂಜೆಯವರೆಗೆ ‘ಭಾವ, ಭಾವ’ ಅಂತ ಕರೆಯುವುದನ್ನು ಕೇಳಿ ಕೇಳಿ ನಾನೂ ಬೇಸ್ ಗಿಟಾರಿನ ಉದ್ದಣ್ಣನೂ ಹಾಗೇ ಕರೆಯತೊಡಗಿದೆವು. ಬರುಬರುತ್ತಾ ಲಾಡ್ಜಿನವರಿಗೆ, ಕ್ಲಬ್ಬಿನ ಬಾಗಿಲು ಕಾಯುವವರಿಗೆ, ಮೈಕ್ ಜೋಡಿಸುವವರಿಗೆ, ಎಲ್ಲರಿಗೂ ಅವರು ಭಾವನೇ ಆಗಿಬಿಟ್ಟರು. ಒಂದು ಊರಿನವರು ಪೋಸ್ಟರಿನ ಕೆಳಗೆ ನಮ್ಮ ಮೂವರ ಜೊತೆ ‘ವ್ಯಾನು: ಭಾವ’ ಅಂತಲೂ ಅಚ್ಚು ಹಾಕಿಸಿದ್ದರು. ಭಾವ ಅದನ್ನು ಜೋಪಾನವಾಗಿ ಗೋಡೆಯಿಂದ ಬಿಡಿಸಿಕೊಂಡು ಹೆಂಡತಿಗೆ ತೋರಿಸಲು ಮನೆಗೆ ಒಯ್ದಿದ್ದರು.

ಮೊದಲು ಅವರು ಶಾಲೆಯ ಬಸ್ಸು ಓಡಿಸುತ್ತಿದ್ದರು. ಮದುವೆಯಾದಾಗ ಅವರ ಮನೆಗೆ ಬಂದದ್ದು ಒಬ್ಬರಲ್ಲ, ಇಬ್ಬರು. ಅಮ್ಮ ತೀರಿಕೊಂಡಿದ್ದರಿಂದ ಅಕ್ಕ ತಮ್ಮನನ್ನೂ ಕೈಹಿಡಿದು ಕರೆತಂದಿದ್ದಳು. ಕಡ್ಡಿಯಂಥ ಹುಡುಗ, ಗುಬ್ಬಿ ಅಂತ ಹೆಸರಿಟ್ಟಿದ್ದೇ ಭಾವ. ತಮ್ಮದೇ ಬಸ್ಸಿನಲ್ಲಿ, ಪಕ್ಕದಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಅವರಿಗೆ ಸ್ವಂತ ಮಕ್ಕಳಾಗಲಿಲ್ಲ. ಆ ಮಾತು ಆ ಮನೆಯಲ್ಲಿ ಬರುತ್ತಲೂ ಇರಲಿಲ್ಲ.

ಗುಬ್ಬಿ ಗಿಟಾರ್ ಹಿಡಿದು, ನಾವು ಮೂವರೂ ಸೇರಿ ರಾಕ್ ತಂಡ ಕಟ್ಟಿ, ಹೊರಗಿನ ಊರುಗಳಿಂದ ಕರೆ ಬರತೊಡಗಿದಾಗ ಭಾವ ಬಸ್ಸು ಬಿಟ್ಟರು. ಬೇಕರಿಯವರು ಮಾರಿದ ಒಂದು ಹಳೇ ವ್ಯಾನು ಕೊಂಡರು. ಬಿಸಿಲು ಏರಿದರೆ ಅದರೊಳಗೆ ಇನ್ನೂ ಬ್ರೆಡ್ಡಿನ ವಾಸನೆ ಬರುತ್ತಿತ್ತು. “ಅವನ ಜೊತೆ ಇರಿ, ಸಾಕು. ಹೇಗೆ ಕರ್ಕೊಂಡು ಹೋಗ್ತೀರೋ ಹಾಗೇ ವಾಪಸ್ ಕರ್ಕೊಂಡು ಬನ್ನಿ” ಅಂದಿದ್ದಳು ಅಕ್ಕ.

ನಮ್ಮ ಸಂಗೀತ ಅವರಿಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ನಾನು ಡ್ರಮ್ಸ್ ಬಾರಿಸುವವಳು. ನನ್ನ ಪೆಟ್ಟಿಗೆಗಳೇ ಎಲ್ಲಕ್ಕಿಂತ ಭಾರ. “ಏನು ಹಾಡ್ತೀರೋ ದೇವರಿಗೇ ಗೊತ್ತು ತಾಯಿ, ಆದ್ರೆ ನಿನ್ನ ಡಬ್ಬ ಹೊತ್ತು ಹೊತ್ತು ನನ್ನ ಸೊಂಟಕ್ಕೂ ತಾಳಜ್ಞಾನ ಬಂತು” ಅನ್ನುತ್ತಿದ್ದರು. ಕಾರ್ಯಕ್ರಮ ನಡೆಯುವಾಗ ಕಿವಿಗೆ ಹತ್ತಿ ತುರುಕಿಕೊಂಡು ವ್ಯಾನಿನಲ್ಲೇ ಕೂತಿರುತ್ತಿದ್ದರು. ಗುಬ್ಬಿ ಬೆವರು ಸುರಿಸಿಕೊಂಡು ಹೊರಬಂದರೆ ಒಂದು ಟವೆಲ್ಲು, ಫ್ಲಾಸ್ಕಿನ ಬಿಸಿನೀರು ಸಿದ್ಧವಾಗಿರುತ್ತಿತ್ತು.

ಊರೂರು ತಿರುಗುವ ಬದುಕು ಹೊರಗಿನಿಂದ ಕಾಣುವಷ್ಟು ಚೆನ್ನಾಗಿರುವುದಿಲ್ಲ. ಊರುಗಳನ್ನು ನಾವು ಹಿಂಬಾಗಿಲಿನಿಂದಷ್ಟೇ ನೋಡಿದವರು. ಕಸದ ಡ್ರಮ್ಮುಗಳ ಪಕ್ಕದ ಕಿರಿದಾದ ಮೆಟ್ಟಿಲು, ಹಳಸಿದ ಬಿಯರಿನ ವಾಸನೆಯ ಕೋಣೆ, ಮೂಲೆಯಲ್ಲಿ ಮುರಿದ ಕುರ್ಚಿಗಳ ರಾಶಿ. ಲಾಡ್ಜಿನಲ್ಲಿ ಒದ್ದೆ ಹಾಸಿಗೆ, ತಿರುಗಿಸಿದರೆ ಕೈಗೇ ಬರುವ ನಲ್ಲಿ. ಬೆಳಿಗ್ಗೆ ಬೇಯಿಸಿದ ಮೊಟ್ಟೆ ಬಾಯಿಗೆ ಹಾಕಿಕೊಂಡು ಮತ್ತೆ ವ್ಯಾನು. ಮಾತು ಮುಗಿದು, ಜಗಳವೂ ಮುಗಿದು, ಕೊನೆಗೆ ಎಲ್ಲರೂ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದೆವು. ಭಾವ ಇಲ್ಲದಿದ್ದರೆ ಒಂದೇ ವರ್ಷಕ್ಕೆ ನಾವು ಒಬ್ಬರ ಮುಖ ಒಬ್ಬರು ನೋಡದಂತೆ ಬೇರೆಯಾಗಿರುತ್ತಿದ್ದೆವು.

ಕೆಲವು ವರ್ಷ ಹೀಗೇ ಓಡಾಡಿದ ಮೇಲೆ ಗುಬ್ಬಿಯ ದನಿ ಒಡೆಯಿತು. ಶೀತ ಅಂದುಕೊಂಡೆವು. ಶೀತ ಹೋಗಲಿಲ್ಲ. ವಿಚಿತ್ರ ಅಂದರೆ, ದನಿ ಗೊಗ್ಗರಾದಷ್ಟೂ ಜನ ಮುಗಿಬಿದ್ದರು. ಒಂದು ಹಾಡಿನ ಕೊನೆಯಲ್ಲಿ ಅವನ ಸ್ವರ ಹರಿದು, ಬರೀ ಗಾಳಿಯಾಗಿ ನಿಂತುಹೋಗುತ್ತಿತ್ತು; ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. “ಆ ಗಂಟಲಲ್ಲಿ ಏನೋ ಇದೆ ಕಣ್ರೀ” ಅಂದ ರೇಡಿಯೋದವನೊಬ್ಬ. ನಿಜ, ಇತ್ತು.

ಅದನ್ನು ಮೊದಲು ಕಂಡವರು ಭಾವ. ಪೆಟ್ರೋಲ್ ಬಂಕೊಂದರಲ್ಲಿ ಗಾಡಿ ನಿಲ್ಲಿಸಿದಾಗ, ಗುಬ್ಬಿ ಹೋಗಿ ಬಂದ ಟಾಯ್ಲೆಟ್ಟಿಗೇ ಅವರೂ ಹೋದರು. ಕೈತೊಳೆಯುವ ಬೇಸಿನ್ನಿನಲ್ಲಿ ರಕ್ತ ಬೆರೆತ ಉಗುಳು ಪೂರ್ತಿ ಹರಿದುಹೋಗಿರಲಿಲ್ಲ. ಹೊರಗೆ ಟೈರಿಗೆ ಗಾಳಿ ಹಾಕುವ ಜಾಗದಲ್ಲಿ ಅವನನ್ನು ಅಡ್ಡಗಟ್ಟಿ ಕೇಳಿದರಂತೆ.

“ಗೊತ್ತು ಭಾವ” ಅಂದನಂತೆ ಅವನು. “ಡಾಕ್ಟರಿಗೆ ತೋರಿಸಿದೀನಿ. ಗಡ್ಡೆ ಇದೆ ಅಂದ್ರು. ತುಂಡು ತೆಗೆದು ಪರೀಕ್ಷೆ ಮಾಡ್ಬೇಕಂತೆ. ನಾನು ಹೋಗಲಿಲ್ಲ.”

“ಯಾಕೋ?”

“ಅಲ್ಲಿ ಕೈ ಹಾಕಿದ್ರೆ ದನಿ ಇರುತ್ತೋ ಇಲ್ವೋ. ಸ್ಟೇಡಿಯಂದು ಒಂದು ಮುಗಿದುಬಿಡ್ಲಿ. ಆಮೇಲೆ ನೀವು ಎಲ್ಲಿಗೆ ಕರೆದ್ರೂ ಬರ್ತೀನಿ. ಅಕ್ಕಂಗೆ ಹೇಳಬೇಡಿ. ಹೇಳಿದ್ರೆ ನಾನು ಈ ವ್ಯಾನು ಹತ್ತಲ್ಲ, ಎಲ್ಲಾದ್ರೂ ಹೊರಟುಹೋಗ್ತೀನಿ.”

ಸ್ಟೇಡಿಯಂ ಅಂದರೆ, ಒಂದು ದೊಡ್ಡ ತಂಡ ಬರುವ ಮುಂಚೆ ಅರ್ಧ ಗಂಟೆ ಹಾಡಲು ನಮಗೆ ಸಿಕ್ಕಿದ್ದ ಅವಕಾಶ. ಅಲ್ಲಿಯವರೆಗೆ ನಾವು ಕಂಡಿದ್ದ ಜನರನ್ನೆಲ್ಲ ಒಟ್ಟು ಸೇರಿಸಿದರೂ ಅಲ್ಲಿನ ಒಂದು ಮೂಲೆ ತುಂಬುತ್ತಿರಲಿಲ್ಲ. ಅದಕ್ಕೆ ಇನ್ನೂ ಕೆಲವು ವಾರ ಇತ್ತು.

ಭಾವ ಒಪ್ಪಿದರು. ಬೆಳೆಸಿದ ಮಗ ಕೈಹಿಡಿದು ಕೇಳಿದಾಗ ಇಲ್ಲ ಅನ್ನುವುದು ಅವರಿಗೆ ಆಗುತ್ತಿರಲಿಲ್ಲ. ಆ ವಾರಗಳಲ್ಲಿ ಅವರು ತಮಾಷೆ ಮಾಡುವುದು ನಿಂತುಹೋಯಿತು. ಅಕ್ಕ ಫೋನ್ ಮಾಡಿದರೆ “ಚೆನ್ನಾಗಿದಾನೆ, ಚೆನ್ನಾಗಿದಾನೆ” ಅಂತ ಎರಡೆರಡು ಸಲ ಹೇಳಿ ಇಟ್ಟುಬಿಡುತ್ತಿದ್ದರು. ವಯಸ್ಸಾಯ್ತು, ಸುಸ್ತಾಗಿದೆ ಅಂದುಕೊಂಡೆವು ನಾವು.

ಸ್ಟೇಡಿಯಮ್ಮಿನ ದಿನ ಬೆಳಿಗ್ಗೆ ಹೊರಟೆವು. ಗುಬ್ಬಿ ಎಂದಿನಂತೆ ಮುಂದಿನ ಸೀಟಿನಲ್ಲಿ, ತಲೆ ಕಿಟಕಿಗೆ ಒರಗಿಸಿ ಮಲಗಿದ್ದ. ಅವನು ಉಸಿರೆಳೆದಾಗಲೆಲ್ಲ ಒಂದು ಸಿಳ್ಳೆ ಕೇಳುತ್ತಿತ್ತು. ನಮಗದು ಹೊಸದಲ್ಲ. ಆದರೆ ಅಂದು ಆ ಸಿಳ್ಳೆ ನಡುನಡುವೆ ನಿಲ್ಲುತ್ತಿತ್ತು. ನಿಂತಾಗ ಅವನ ಕತ್ತಿನ ಕುಳಿ ಒಳಕ್ಕೆ ಹೋಗುತ್ತಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಮತ್ತೆ ಒಂದು ಎಳೆತ, ಮತ್ತೆ ಸಿಳ್ಳೆ. ಭಾವ ರಸ್ತೆ ನೋಡುವುದಕ್ಕಿಂತ ಅವನನ್ನು ನೋಡುವುದೇ ಹೆಚ್ಚಾಯಿತು.

ದಾರಿ ಕವಲೊಡೆಯುವ ಕಡೆ ದೊಡ್ಡ ಫಲಕ ಇತ್ತು. ಸ್ಟೇಡಿಯಂ ಇದ್ದ ಊರು ಎಡಕ್ಕೆ. ಭಾವ ಬಲಕ್ಕೆ ತಿರುಗಿಸಿದರು. ಉದ್ದಣ್ಣ “ಭಾವ, ದಾರಿ…” ಅಂದ. ಅವರು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದರು. ಕಣ್ಣು ಕೆಂಪಾಗಿತ್ತು. “ಸುಮ್ನಿರಪ್ಪಾ” ಅಂದರು, ಬಹಳ ಮೆಲ್ಲಗೆ.

ಗುಬ್ಬಿಗೆ ಎಚ್ಚರವಾದದ್ದು ವ್ಯಾನು ಆಸ್ಪತ್ರೆಯ ಅಂಗಳದಲ್ಲಿ ನಿಂತಾಗ. ಸುತ್ತ ನೋಡಿದ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಮಾತು ಕೊಟ್ಟಿದ್ರಿ” ಅಂದ. ಅಷ್ಟಕ್ಕೇ ಮೂರು ಸಲ ಉಸಿರೆಳೆದುಕೊಂಡ.

“ಕೊಟ್ಟಿದ್ದೆ.”

“ಇದೊಂದು ಸಂಜೆ, ಭಾವ. ಒಂದೇ ಸಂಜೆ.”

“ಇಳಿ ಕಂದಾ.”

“ನಿಮ್ಮ ಮುಖ ನೋಡಲ್ಲ ನಾನು.”

“ನೋಡಬೇಡ. ಇಳಿ.”

ಅವನು ಇಳಿಯಲಿಲ್ಲ. ಭಾವ ಆ ಕಡೆಗೆ ಹೋಗಿ ಬಾಗಿಲು ತೆಗೆದು, ನನ್ನ ಡ್ರಮ್ಮಿನ ಪೆಟ್ಟಿಗೆ ಎತ್ತುವ ಹಾಗೆ ಅವನನ್ನು ಎತ್ತಿಕೊಂಡರು. ಅವನು ಅವರ ಬೆನ್ನಿಗೆ ಗುದ್ದುತ್ತಿದ್ದ. ಗುದ್ದಿನಲ್ಲಿ ಶಕ್ತಿಯೇ ಇರಲಿಲ್ಲ.

ಒಳಗೆ ಒಯ್ದ ಕೂಡಲೇ ಡಾಕ್ಟರು ಕತ್ತಿಗೆ ತೂತು ಮಾಡಿ ಉಸಿರಿಗೆ ದಾರಿ ಮಾಡಿದರು. ಇನ್ನು ಸ್ವಲ್ಪ ತಡವಾಗಿದ್ದರೆ ದಾರಿಯಲ್ಲೇ ಮುಗಿದುಹೋಗುತ್ತಿತ್ತು ಅಂದರು. ಇನ್ನೂ ಒಂದು ಮಾತು ಹೇಳಿದರು. ಮೊದಲು ತೋರಿಸಿದಾಗಲೇ ಬಂದಿದ್ದರೆ ದನಿ ಉಳಿಸಿ ಗಡ್ಡೆ ಕರಗಿಸಬಹುದಿತ್ತೇನೋ. ಈಗ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು.

ಅಕ್ಕ ಬರುವ ಹೊತ್ತಿಗೆ ಭಾವ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಪೆಟ್ರೋಲ್ ಬಂಕಿನಿಂದ ಹಿಡಿದು ಎಲ್ಲವನ್ನೂ ನಮಗೆ ಹೇಳಿ ಮುಗಿಸಿದ್ದರು. ಅವಳಿಗೂ ಹೇಳಿದರು, ಒಂದೂ ಬಿಡದೆ. ಅವಳು ಅಳಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದಳು.

“ದಿನಾ ಫೋನ್ ಮಾಡಿದ್ನಲ್ರೀ” ಅಂದಳು. “ದಿನಾ ಕೇಳಿದ್ನಲ್ಲ.”

ತಮ್ಮನ ಪಾಲಿಗೆ ಭಾವ ಒಂದು ಸಂಜೆ ಮುಂಚೆ ಮಾತು ಮುರಿದರು, ಅಕ್ಕನ ಪಾಲಿಗೆ ಕೆಲವು ವಾರ ತಡವಾಗಿ ಬಾಯಿಬಿಟ್ಟರು. ಎರಡು ಕಡೆಯಿಂದಲೂ ಸಿಕ್ಕಿಬಿದ್ದ ಅವರು ಯಾರೆದುರೂ ತಮ್ಮ ಪರವಾಗಿ ಒಂದು ಮಾತು ಆಡಲಿಲ್ಲ.

ತಂಡ ಅಲ್ಲಿಗೆ ಮುಗಿಯಿತು. ಉದ್ದಣ್ಣ ಮೊಬೈಲ್ ಅಂಗಡಿ ಸೇರಿದ. ನಾನು ಮಕ್ಕಳಿಗೆ ಡ್ರಮ್ಸ್ ಕಲಿಸತೊಡಗಿದೆ. ಭಾವ ಒಂದು ಕಾರ್ಖಾನೆಗೆ ಕೆಲಸಗಾರರನ್ನು ಬಿಟ್ಟು ಬರುವ ಬಸ್ಸು ಹಿಡಿದರು. ಧ್ವನಿಪೆಟ್ಟಿಗೆ ತೆಗೆದರು, ಗುಬ್ಬಿ ಬದುಕಿದ. ಕತ್ತಿನ ಬುಡದಲ್ಲಿ ಒಂದು ತೂತು, ಅದರಲ್ಲೊಂದು ಪುಟ್ಟ ಕೊಳವೆ. ಗಂಟಲೊಳಗೆ ಒಂದು ಸಣ್ಣ ಕವಾಟ ಕೂರಿಸಿ, ಬೆರಳಿನಿಂದ ತೂತು ಮುಚ್ಚಿಕೊಂಡು ಮಾತಾಡುವುದನ್ನು ಆಸ್ಪತ್ರೆಯಲ್ಲಿ ಕಲಿಸಿದರು. ಕಲಿತ. ಅಕ್ಕನ ಜೊತೆ ಆಡುತ್ತಿದ್ದ. ನಾವು ಹೋದರೆ ಒಂದೆರಡು ಮಾತು. ಭಾವನ ಜೊತೆ ಒಂದೂ ಇಲ್ಲ.

ಆ ಕೊಳವೆಯನ್ನು ದಿನವೂ ಹೊರತೆಗೆದು ತೊಳೆಯಬೇಕಿತ್ತು. ಮೊದಮೊದಲು ಅಕ್ಕನಿಗೆ ಆ ತೂತು ನೋಡಲಾಗದ್ದರಿಂದ ಭಾವ ಶುರುಮಾಡಿದರು. ಆಮೇಲೆ ಅದು ಅವರದೇ ಕೆಲಸವಾಯಿತು. ಒಮ್ಮೆ ನಾನು ಹೋದಾಗ ಕಂಡೆ. ಅಡುಗೆಮನೆಯ ಕಿಟಕಿಯ ಬೆಳಕಿಗೆ ಗುಬ್ಬಿ ಸ್ಟೂಲಿನ ಮೇಲೆ ಕತ್ತೆತ್ತಿ ಕೂತಿದ್ದ. ಭಾವ ಕನ್ನಡಕ ಏರಿಸಿಕೊಂಡು, ಹತ್ತಿಯಿಂದ ತೂತಿನ ಸುತ್ತ ಒರೆಸುತ್ತಿದ್ದರು. ಇಬ್ಬರ ಮುಖಕ್ಕೂ ಒಂದು ಗೇಣು ಅಂತರ. ಅವನು ಗೋಡೆ ನೋಡುತ್ತಿದ್ದ. “ಉರಿಯುತ್ತಾ?” ಅಂತ ಭಾವ ಕೇಳಿದರು. ಉತ್ತರ ಸಿಕ್ಕವರ ಹಾಗೆ ಭಾವ ತಲೆಯಾಡಿಸಿ ಕೊಳವೆ ಸಿಕ್ಕಿಸಿದರು.

ಬೀಳ್ಕೊಡಲು ಗೇಟಿನವರೆಗೆ ಬಂದಾಗ ಕೇಳಿಯೇಬಿಟ್ಟೆ, “ಬೇಜಾರಾಗಲ್ವಾ ಭಾವ?”

“ಮಾತು ಬಿಟ್ರೆ ಬಿಡ್ಲಿ ತಾಯಿ. ಉಸಿರಾಡ್ತಿದಾನಲ್ಲ” ಅಂದರು. ಗೇಟಿನ ಚಿಲಕ ಹಾಕುತ್ತಾ, “ಒಂದೊಂದ್ಸಲ ಆಗುತ್ತೆ” ಅಂದರು.

ಹೋದ ವರ್ಷ ಭಾವ ತೀರಿಕೊಂಡರು. ಬಸ್ಸು ಓಡಿಸುತ್ತಿರುವಾಗಲೇ ಎದೆ ಹಿಡಿದುಕೊಂಡಿತಂತೆ. ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು, ಕೈಬ್ರೇಕ್ ಎಳೆದು, ಆಮೇಲೆ ಸ್ಟೇರಿಂಗಿನ ಮೇಲೆ ಒರಗಿದರಂತೆ. ಹಿಂದೆ ಕೂತಿದ್ದವರಲ್ಲಿ ಒಬ್ಬರಿಗೂ ತರಚಲಿಲ್ಲ.

ಎಲ್ಲ ಮುಗಿದು ಜನ ಹೋದ ಮೇಲೆ ನಾನೂ ಗುಬ್ಬಿಯೂ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ಮಧ್ಯಾಹ್ನದ ಬಿಸಿಲು. ಅವನ ಕೊಳವೆಯ ಅಂಚಿನಲ್ಲಿ ಕಫ ಕಟ್ಟಿತ್ತು; ಎರಡು ದಿನದಿಂದ ಯಾರೂ ತೊಳೆದಿರಲಿಲ್ಲ. ಅವನು ಬೆರಳೆತ್ತಿ ತೂತು ಮುಚ್ಚಿಕೊಂಡ. ಕಪ್ಪೆಯ ದನಿಯಂಥ ದನಿ.

“ಆ ಸ್ಟೇಡಿಯಂ ದಿನ ನಂಗೆ ಹಾಡೋಕೆ ಆಗ್ತಿರಲಿಲ್ಲ” ಅಂದ. “ಬೆಳಿಗ್ಗೆ ಏಳುವಾಗ್ಲೇ ಗೊತ್ತಿತ್ತು.”

“ಅವರಿಗೆ ಹೇಳಿದ್ಯಾ?”

ಅವನು ಬೆರಳು ತೆಗೆದ. ಇಲ್ಲ ಅಂತ ತಲೆಯಾಡಿಸಿದ. ಅಳು ಬಂದರೂ ಅವನಿಂದ ಸದ್ದು ಹೊರಡುವುದಿಲ್ಲ. ಕತ್ತಿನ ತೂತಿನಿಂದ ಗಾಳಿ ಮಾತ್ರ ಬುಸುಬುಸು ಅಂತ ಬರುತ್ತಿತ್ತು. ಒಳಗಿನಿಂದ ಅಕ್ಕ ನಮ್ಮನ್ನು ಊಟಕ್ಕೆ ಕರೆದಳು. ಅವನು ಏಳಲಿಲ್ಲ. ನಾನು ಒಳಗೆ ಹೋಗಿ ಬಿಸಿನೀರು, ಹತ್ತಿ ಎಲ್ಲಿದೆ ಅಂತ ಕೇಳಿದೆ.