ಬಣ್ಣ ಹಚ್ಚದ ಬೋಲ್ಟು

ಪಕ್ಕದ ಗ್ಯಾರೇಜಿನಲ್ಲಿ ಯಾರಾದರೂ ಬಣ್ಣದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ನನಗೆ ಖಂಡೇನವಮಿ, ಅಂದರೆ ಆಯುಧಪೂಜೆ, ಬಂದಂತಾಗುತ್ತದೆ. ನಿಮಗೆ ಹಬ್ಬವೆಂದರೆ ಹೋಳಿಗೆಯ ವಾಸನೆ ಇರಬಹುದು. ಚಿಕ್ಕೋಡಿಯಲ್ಲಿ ಗಾಡಿಗಳ ವಾಯರಿಂಗ್ ಮಾಡುತ್ತಲೇ ತಲೆ ಬೆಳ್ಳಗಾದ ನನಗೆ ಆಯಿಲ್ ಪೇಂಟಿನ ವಾಸನೆ. ನಮ್ಮ ಕಡೆ ಹಬ್ಬದ ಮುಂಚೆ ಟ್ರ್ಯಾಕ್ಟರನ್ನು ಎಮ್ಮೆ ತೊಳೆದಂತೆ ತಿಕ್ಕಿ ತೊಳೆಯುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ, ತುಕ್ಕು ಕಂಡಲ್ಲೆಲ್ಲ ಬಣ್ಣ ಬಳಿಯುತ್ತಾರೆ. ಡಬ್ಬಿಯಲ್ಲಿ ಬಣ್ಣ ಉಳಿದಿದ್ದರೆ ತುಕ್ಕು ಇಲ್ಲದಲ್ಲಿಯೂ ಬಳಿಯುತ್ತಾರೆ.

ಈ ವಾಸನೆಗೆ ನೆನಪಾಗುವವರು ನನ್ನ ಉಸ್ತಾದ್ ಬಾಬುಚಾಚಾ. ಎಂಥ ಅವಸರದ ಗಿರಾಕಿ ಬಂದರೂ ಅವರು ಮೊದಲು ಚಹಾ ಕುಡಿಯುತ್ತಿದ್ದರು, ಆಮೇಲೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ಗಾಡಿಗೆ ಕಡೀಕ ಕೈ ಹಚ್ಚಿದವ್ರು ಯಾರ್ರಿ?" ನನಗೆ ಅದು ಕಾಲಹರಣ ಅನ್ನಿಸುತ್ತಿತ್ತು. ಆಗಷ್ಟೇ ಕೊಲ್ಹಾಪುರದಿಂದ ಡಿಜಿಟಲ್ ಮೀಟರ್ ತಂದಿದ್ದೆ. ಅರ್ಧ ಹೊರಗೆ ಕಾಣುವಂತೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಚಾಚಾನ ಬಳಿ ಇದ್ದದ್ದು ಎರಡು ವಾಯರ್ ಬೆಸೆದ ಒಂದು ಹಳೆಯ ಬಲ್ಬು.

ಒಂದು ವರ್ಷ ಹಬ್ಬದ ದಿನವೇ ಮಳೆ ಸುರಿಯಿತು. ಮರುದಿನ ಬೆಳಿಗ್ಗೆ ಅಥಣಿ ಕಡೆಯ ದ್ರಾಕ್ಷಿ ತೋಟದ ಗಂಗವ್ವನ ಫೋನು. "ಮಿಸ್ತ್ರಿ, ಬಟನ್ ಒತ್ತಿದ್ರ ಲೈಟ್ ಹತ್ತತೈತ್ರಿ, ಪಿಟಿಓ ತಿರಗವಲ್ದು. ತ್ವಾಟ ಹೂವಿನ್ಯಾಗ ಐತಿ. ಇವತ್ತ ಔಷಧ ಹೊಡೀಲಿಲ್ಲಂದ್ರ ದಾವಣಿ ರೋಗ ಬಿದ್ದು ವರ್ಷದ ಬೆಳಿ ಹೋಗ್ತೈತಿ!"

ಪಿಟಿಓ ಎಂದರೆ ಟ್ರ್ಯಾಕ್ಟರಿನ ಹಿಂದೆ ಇರುವ ಶಾಫ್ಟು. ಅದು ತಿರುಗಿದರೆ ಔಷಧ ಸಿಂಪಡಿಸುವ ಯಂತ್ರ ನಡೆಯುತ್ತದೆ. ಹಳೆಯ ಗಾಡಿಗಳಲ್ಲಿ ಅದಕ್ಕೊಂದು ಲಿವರ್ ಇರುತ್ತಿತ್ತು. ಇವರದು ಬಟನ್ನಿನದು, ಬಟನ್ ಒತ್ತಿದರೆ ಒಂದು ಕಾಯಿಲಿಗೆ, ಅಂದರೆ ತಂತಿಯ ಸುರುಳಿಗೆ, ಕರೆಂಟ್ ಹೋಗಿ, ಅದು ಶಾಫ್ಟನ್ನು ಜೋಡಿಸಬೇಕು.

ಚಾಚಾ, ನಾನು ಹೋಗಿ ನೋಡಿದರೆ ಟ್ರ್ಯಾಕ್ಟರು ಮದುಮಗನಂತೆ ಹೊಳೆಯುತ್ತಿತ್ತು. ಗಂಗವ್ವನ ತಮ್ಮ ಅಪ್ಪಾಸಾಬ ಪಕ್ಕದಲ್ಲಿ ನಿಂತಿದ್ದ. ಚಾಚಾ ಚಹಾಕ್ಕೆ ಕುಳಿತರು, ನಾನು ಕೆಲಸಕ್ಕೆ ಬಿದ್ದೆ. ಫ್ಯೂಜ್ ನೋಡಿದೆ, ಸರಿಯಿತ್ತು. ಚಾಲಕ ಸೀಟಿನಲ್ಲಿ ಇಲ್ಲದಿದ್ದರೆ ಶಾಫ್ಟನ್ನು ನಿಲ್ಲಿಸುವ ಸ್ವಿಚ್ಚೊಂದು ಸೀಟಿನ ಕೆಳಗಿರುತ್ತದೆ, ಅದೂ ಸರಿಯಿತ್ತು. ಕಾಯಿಲಿನ ಪ್ಲಗ್ ಕಿತ್ತು ಅದರ ಎರಡೂ ವಾಯರಿಗೆ ಮೀಟರ್ ಹಿಡಿದೆ, ಹನ್ನೆರಡು ವೋಲ್ಟ್ ತೋರಿಸಿತು. "ಕರೆಂಟ್ ಬರಾಕತ್ತೈತಿ. ಕಾಯಿಲ್ ಸತ್ತೈತಿ, ಬೆಳಗಾವಿಯಿಂದ ತರಸ್ಬೇಕು" ಎಂದು ತೀರ್ಪು ಕೊಟ್ಟೆ. ಅದು ಬರುವುದು ನಾಳೆಗೆ. ಗಂಗವ್ವ ಒದ್ದೆ ಬಳ್ಳಿಗಳ ಕಡೆ ನೋಡಿದಳು.

ಚಾಚಾ ಲೋಟ ಕೆಳಗಿಟ್ಟು ತಮ್ಮ ಪ್ರಶ್ನೆ ಕೇಳಿದರು.

"ನಾನ ಹಚ್ಚೀನ್ರಿ," ಎಂದ ಅಪ್ಪಾಸಾಬ ಎದೆ ಉಬ್ಬಿಸಿ. "ವಾಯರ್ ಬಿಚ್ಚಿ, ಎರಡ ಕೋಟ್ ಬಣ್ಣ ಹೊಡ್ದು, ತಿರಗಿ ಕುಂದ್ರಿಸೀನಿ."

ಚಾಚಾ ಎದ್ದರು. ಬಲ್ಬಿನ ಒಂದು ವಾಯರನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಕಾಯಿಲಿನ ಅರ್ಥಿಂಗ್ ವಾಯರಿಗೂ ಹಿಡಿದರು. ಬಲ್ಬು ಮಿಣಕ್ ಎಂದಿತು, ಅಷ್ಟೇ. ಅದೇ ಬಲ್ಬನ್ನು ನೇರ ಬ್ಯಾಟರಿಯ ಮೈನಸ್ಸಿಗೆ ಹಿಡಿದರೆ ಝಗ್ಗನೆ ಉರಿಯಿತು. "ಕರೆಂಟ್ ಅಂದ್ರ ಸಂತಿಗೆ ಹೋದವ್ರಂಗ. ಹೋಗಾಕ ದಾರಿ ಇದ್ರ ಸಾಲಂಗಿಲ್ಲ, ತಿರಗಿ ಬರಾಕೂ ದಾರಿ ಬೇಕು. ನಿನ್ನ ಮೀಟರ್ ಕುಡಿಯೂದು ಒಂದ ಹನಿ, ಅದಕ್ಕ ಸಣ್ಣ ಸಂದೀನೂ ಸಾಕು. ಕಾಯಿಲಿಗೆ ಸಾಕಾಗಂಗಿಲ್ಲ."

ಆ ವಾಯರಿನ ಜಾಡು ಹಿಡಿದು ಹೋದರೆ ಅದು ಸೀಟಿನ ಕೆಳಗೆ, ಚಾಸಿಯ ಒಂದು ಬೋಲ್ಟಿನಲ್ಲಿ ಮುಗಿಯಿತು. ಕಬ್ಬಿಣಕ್ಕೂ ವಾಯರಿಗೂ ನಡುವೆ ದಪ್ಪ ಬಣ್ಣ, ಕರೆಂಟ್ ತಿರುಗಿ ಬರುವ ದಾರಿಗೇ ಅಡ್ಡ. ಮೇಲೆ ವಿಭೂತಿ, ಕುಂಕುಮ. ಚಾಚಾ ಸ್ಕ್ರೂಡ್ರೈವರ್ ಎತ್ತಿದವರು ಕೈ ತಡೆದರು. "ಯವ್ವಾ, ಪೂಜಿ ಕುಂಕುಮ ಐತಿ. ನಾ ಕೆರಿಯಂಗಿಲ್ಲ. ನೀವ ತಗೀರಿ."

"ಹಬ್ಬದ ಕುಂಕುಮ ಮರದಿನಾನ ಕೆರೀತಾರೇನ್ರಿ?" ಎಂದು ಅಪ್ಪಾಸಾಬ ಸಿಡಿದ.

"ಲೇ ತಮ್ಮಾ, ದೇವ್ರೇನ ಬೋಲ್ಟಿನ್ಯಾಗ ಸಿಕ್ಕೊಂಡಾನೇನೋ?" ಎನ್ನುತ್ತ ಗಂಗವ್ವ ಆ ಕುಂಕುಮವನ್ನು ಬೆರಳಿಂದ ತೆಗೆದು ತನ್ನ ಹಣೆಗೆ ಹಚ್ಚಿಕೊಂಡಳು. ಆಮೇಲೆ ಬೋಲ್ಟು ಬಿಚ್ಚಿಸಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ತಾನೇ ಕೆರೆದಳು. ವಾಯರ್ ಬಿಗಿದೆವು. ಅಪ್ಪಾಸಾಬ ಸೀಟಿನ ಮೇಲೆ ಕುಳಿತು ಬಟನ್ ಒತ್ತಿದ. ಟಕ್ ಎಂದಿತು, ಶಾಫ್ಟು ತಿರುಗಿತು. ಸಂಜೆಯೊಳಗೆ ಇಡೀ ತೋಟಕ್ಕೆ ಔಷಧ ಬಿತ್ತು. ಬೆಳೆ ಉಳಿಯಿತು, ಆ ಬೇಸಿಗೆಯಲ್ಲಿ ಗಂಗವ್ವನ ತೋಟದಿಂದ ಚಾಚಾನ ಮನೆಗೆ ಬಂದ ಒಣದ್ರಾಕ್ಷಿಯಲ್ಲಿ ನನಗೂ ಒಂದು ಪಾಲು ಸಿಕ್ಕಿತು. ಅಂಥವರ ಕೈಕೆಳಗೆ ಕಲಿತೆನೆಂದು ಹೇಳಿಕೊಳ್ಳುವಾಗ ನನಗೆ ಇವತ್ತಿಗೂ ಎದೆ ಉಬ್ಬುತ್ತದೆ. ಮುಚ್ಚಿಡುವುದೇಕೆ?

ಚಾಚಾ ಈಗಿಲ್ಲ. ಮೊನ್ನೆ ಹಬ್ಬ ಮುಗಿದ ಮೇಲೆ ರಾಯಬಾಗದ ಆಚೆಯ ಒಬ್ಬ ರೈತ ಹೆಡ್‌ಲೈಟ್ ಹತ್ತುತ್ತಿಲ್ಲವೆಂದು ಟ್ರ್ಯಾಕ್ಟರ್ ತಂದ. ನನಗೆ ಪರಿಚಯವಿಲ್ಲದವನು. ಗಾಡಿ ತುಂಬ ಹೊಸ ಬಣ್ಣ. ಸೀಟಿನ ಕೆಳಗೆ ಬಗ್ಗಿ ನೋಡಿದೆ: ಒಂದು ಬೋಲ್ಟು ಮಾತ್ರ ಬೆತ್ತಲೆ, ಸುತ್ತಲೂ ದುಂಡಗೆ ಕುಂಕುಮ.

"ಇದೊಂದನ್ನ ಯಾಕ ಬಿಟ್ಟೀರಿ?"

"ಅದಕ್ಕ ಬಣ್ಣ ಹಚ್ಚಬಾರದ್ರಿ. ನಮ್ಮ ಬೀಗರು ಅಥಣಿ ಕಡೆಯವ್ರು, ಅವರ ಕಡೆಯಿಂದ ಬಂದ ಪದ್ಧತಿ. ಬಾಬುಚಾಚಾನ ಬೋಲ್ಟು ಅಂತಾರ."

"ಯಾರಪಾ ಅವ್ರು?" ಎಂದೆ.

"ಯಾರಿಗ್ಗೊತ್ರಿ. ಯಾರೋ ದರ್ಗಾದಾಗಿನ ದೊಡ್ಡ ಪೀರ್ ಇರಬೇಕು."

ನಾನು ತಿದ್ದಲು ಹೋಗಲಿಲ್ಲ. ಜೇಬಿನ ಮೀಟರನ್ನು ತೆಗೆದು ಮೇಜಿನ ಮೇಲಿಟ್ಟು, ಎರಡು ಚಹಾ ತರಿಸಿದೆ. ಕುಡಿದ ಮೇಲೆ ಕೇಳಿದೆ: "ಈ ಗಾಡಿಗೆ ಕಡೀಕ ಕೈ ಹಚ್ಚಿದವ್ರು ಯಾರ್ರಿ?"