ಊಟದ ಮೇಜಿನ ಮೇಲೊಂದು ಕಂಪ್ಯೂಟರ್

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಮಿಲಿಮೀಟರ್ ಎಂದು ಕರೆಯುತ್ತಿದ್ದರು. ಪುಸ್ತಕದ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಅವಳದು. ಅಂಚು ಒಂದು ಮಿಲಿಮೀಟರ್ ಆಚೀಚೆ ಆಗಿದ್ದರೂ ಆ ಪುಟ ಅವಳ ಕೈದಾಟಿ ಹೋಗುತ್ತಿರಲಿಲ್ಲ. ಹದಿನಾಲ್ಕು ವರ್ಷ ಹಾಗೆ ದುಡಿದಳು. ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ, ಕೆಲಸ ಬಿಟ್ಟು ಮನೆಯಲ್ಲಿ ಯಾರು ನಿಲ್ಲಬೇಕು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಉತ್ತರ ಮಾತ್ರ ಎಲ್ಲರಿಗೂ ಗೊತ್ತಿತ್ತು. ಅತ್ತೆ ಕೋಲೂರಿಕೊಂಡು ಓಡಾಡುವ ಹೊತ್ತಿಗೆ ಎರಡು ವರ್ಷ ಕಳೆದು, ಪ್ರೆಸ್ಸಿನ ಅವಳ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು.

ಮಾಲೀಕರು ಅವಳನ್ನು ಮರೆತಿರಲಿಲ್ಲ. ಬುಧವಾರ ಫೋನ್ ಮಾಡಿದರು. "ಮನೆಯಿಂದ ಮಾಡೋದಾದ್ರೆ ಶಾಲೆ ಪುಸ್ತಕಗಳ ಕೆಲಸ ನಿಮಗೇ ಕೊಡ್ತೀನಮ್ಮ. ಮೊದಲು ಇಪ್ಪತ್ನಾಲ್ಕು ಪುಟ ಜೋಡಿಸಿ ತೋರಿಸಿ. ಸೋಮವಾರ ಹತ್ತು ಗಂಟೆಗೆ ನನ್ನ ಕೈಲಿರಬೇಕು. ಇಲ್ಲಾಂದ್ರೆ ಇನ್ನೊಬ್ರು ಕಾಯ್ತಾ ಇದ್ದಾರೆ."

ಅದಕ್ಕೇ ಈ ಕಂಪ್ಯೂಟರ್. ಬೋರ್ಡು, ಪ್ರೊಸೆಸರ್, ಮೆಮೊರಿ, ಡಿಸ್ಕು ಎಲ್ಲವನ್ನೂ ಓದಿ ತಿಳಿದು, ತಾನೇ ಆರಿಸಿ ತರಿಸಿ, ಶುಕ್ರವಾರ ಊಟದ ಮೇಜಿನ ಮೇಲೆ ಜೋಡಿಸಿದಳು. ಗಂಡನಿಗೆ ಆ ಮನೆಯಲ್ಲಿ ಬರೆಯುವ ಮೇಜಿತ್ತು. ಅತ್ತೆಗೆ ಕಿಟಕಿ ಪಕ್ಕದ ಕುರ್ಚಿಯಿತ್ತು. ಅವಳಿಗೆ ಇಡೀ ಮನೆಯೇ ಇದೆ ಎನ್ನುತ್ತಿದ್ದರು. ಅಂದರೆ, ತನ್ನದು ಅನ್ನುವ ಒಂದು ಮೂಲೆಯೂ ಇರಲಿಲ್ಲ.

ಅಂದು ಸಂಜೆ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಪರದೆ ಬೆಳಗಿತು. ಡಿಸ್ಕನ್ನು ಒಂದು ಗಂಟೆ ಪರೀಕ್ಷೆಗೆ ಬಿಟ್ಟಳು. ಒಂದು ತಪ್ಪೂ ಬರಲಿಲ್ಲ. ಶನಿವಾರ ಬೆಳಿಗ್ಗೆ ತಿಂಡಿಯ ಪಾತ್ರೆ ತೊಳೆದಿಟ್ಟು, ಆಪರೇಟಿಂಗ್ ಸಿಸ್ಟಮ್ ತುಂಬಿದ ಪೆನ್‌ಡ್ರೈವ್ ಚುಚ್ಚಿದಳು. ಶೇಕಡಾ ಹನ್ನೆರಡು, ಇಪ್ಪತ್ತು, ಮೂವತ್ತೇಳು. ಅಲ್ಲಿಗೆ ನಿಂತಿತು. ಫೈಲುಗಳನ್ನು ಬರೆಯಲಾಗುತ್ತಿಲ್ಲ ಎಂದಿತು ಪರದೆ.

"ಅಂಗಡಿಯವನ ಕೈಲಿ ಕೊಟ್ಟಿದ್ರೆ ಅರ್ಧ ಗಂಟೆ ಕೆಲಸ," ಎಂದ ಗಂಡ.

"ಅಂಗಡಿಗೆ ಇವತ್ತು ನಾಳೆ ರಜೆ. ಬಾಗಿಲು ತೆಗೆಯೋದು ಸೋಮವಾರ ಹನ್ನೊಂದಕ್ಕೆ ರೀ."

ಪ್ರೆಸ್ಸಿನಲ್ಲಿ ಅವಳದೊಂದು ಪದ್ಧತಿಯಿತ್ತು. ಪುಟ ಕೆಟ್ಟರೆ ಒಂದೇ ಒಂದನ್ನು ಸರಿಮಾಡಿ ಪ್ರೂಫ್ ತೆಗೆಯುವುದು, ನೋಡುವುದು, ಆಮೇಲೆ ಮುಂದಿನದಕ್ಕೆ ಕೈಹಾಕುವುದು. ಇಲ್ಲಿಯೂ ಹಾಗೇ ಮಾಡಿದಳು. ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ಬದಲಾಯಿಸಿದ್ದು, ನಿಂತ ಜಾಗ ಬರೆಯುತ್ತಾ ಹೋದಳು. ಗಂಡನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವನ್ನು ಹೊಸದಾಗಿ ತಯಾರಿಸಿದಳು: ಎಂಬತ್ತೊಂದಕ್ಕೆ ನಿಂತಿತು. ಬೇರೆ ಕಿಂಡಿಗೆ ಚುಚ್ಚಿದಳು: ಒಂಬತ್ತಕ್ಕೇ ನಿಂತಿತು. ಭಾನುವಾರ ಬೆಳಿಗ್ಗೆ ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ಕಿತ್ತಿಟ್ಟಳು: ಐವತ್ನಾಲ್ಕು.

ನಡುನಡುವೆ ಅಡುಗೆ, ಬಟ್ಟೆ, ಅತ್ತೆಯ ಮಾತ್ರೆ. ಜೊತೆಗೆ, ಊಟ ತಿಂಡಿಯ ಹೊತ್ತಿಗೆ ಸರಿಯಾಗಿ ಮೇಜು ಖಾಲಿಯಾಗಬೇಕು. ಆ ಒಂದು ಕೆಲಸಕ್ಕೆ ಮಾತ್ರ ಗಂಡ ಕರೆಯದೆ ಬರುತ್ತಿದ್ದ. "ಸರಿ ಸರಿ, ಭಾರ ನೀನೆತ್ತಬೇಡ," ಎಂದು ಕಂಪ್ಯೂಟರಿನ ಡಬ್ಬವನ್ನು ತಬ್ಬಿ ಎತ್ತಿ ಮಂಚದ ಮೇಲಿಡುತ್ತಿದ್ದ, ಊಟವಾದ ಮೇಲೆ ಮತ್ತೆ ತಂದಿಡುತ್ತಿದ್ದ. ಗ್ಯಾಸ್ ಸಿಲಿಂಡರ್, ಒದ್ದೆ ಹಾಸಿಗೆ, ಎರಡು ವರ್ಷ ಅತ್ತೆಯನ್ನೇ ಎತ್ತಿದವಳು ಅವಳು. ಆ ಭಾರಗಳೆಲ್ಲ ಅವನ ಲೆಕ್ಕದಲ್ಲಿ ಭಾರಗಳೇ ಆಗಿರಲಿಲ್ಲ.

ಭಾನುವಾರ ಹನ್ನೊಂದು ಗಂಟೆ. ಅವಳು ಒಲೆಯ ಮುಂದಿದ್ದಳು. ಅತ್ತೆ ಕನ್ನಡಕ ಏರಿಸಿಕೊಂಡು ನೋಟ್‌ಬುಕ್ ತಿರುವಿ ಹಾಕುತ್ತಿದ್ದರು.

"ಇದೇನೇ ಇದು? ಶನಿವಾರ ಒಂಬತ್ತೂವರೆ, ಎರಡೂಕಾಲು, ಆರು. ಇವತ್ತು ಒಂಬತ್ತೂಮುಕ್ಕಾಲು. ನಾವು ತಿಂದು ಎದ್ದ ಹೊತ್ತನ್ನೆಲ್ಲಾ ಬರೆದಿಟ್ಕೊಂಡಿದ್ದೀಯಲ್ಲ?"

ಸೌಟು ಅವಳ ಕೈಯಲ್ಲೇ ಉಳಿಯಿತು. ಒಲೆ ಆರಿಸಿ ಬಂದು ನೋಡಿದಳು. ಹೌದು. ಕೆಲಸ ಕೆಟ್ಟದ್ದೆಲ್ಲ ಮನೆಯವರು ತಿಂದೆದ್ದ ಮೇಲೆಯೇ. ಶುಕ್ರವಾರ ಸಂಜೆ, ಡಬ್ಬ ಇನ್ನೂ ಮೇಜು ಬಿಟ್ಟು ಕದಲದಿದ್ದಾಗ ಮಾತ್ರ ಎಲ್ಲವೂ ಸರಿಯಿತ್ತು.

"ರೀ, ಬನ್ನಿ ಇಲ್ಲಿ. ಇದನ್ನ ಹೇಗೆ ಎತ್ತಿದ್ರಿ, ಒಂದ್ಸಲ ತೋರಿಸಿ."

ಅವನು ಹೆಮ್ಮೆಯಿಂದಲೇ ತೋರಿಸಿದ. ಪಕ್ಕದ ಮುಚ್ಚಳ ತೆಗೆದಿದ್ದ ಕಡೆಯಿಂದ ನಾಲ್ಕು ಬೆರಳು ಒಳಗೆ ತೂರಿಸಿ, ಡಿಸ್ಕು ಕೂರಿಸಿದ್ದ ಚೌಕಟ್ಟನ್ನೇ ಹಿಡಿಯಾಗಿ ಹಿಡಿದ. ಡಿಸ್ಕಿನ ಚಪ್ಪಟೆ ಕೇಬಲ್ಲು ಸರಿಯಾಗಿ ಅವನ ಬೆರಳ ಕೆಳಗಿತ್ತು.

"ನನ್ನನ್ನ ಆಸ್ಪತ್ರೆಗೆ ಒಯ್ಯುವಾಗಲೂ ಇವನು ಹೀಗೇ ಎತ್ತಿದ್ದ," ಎಂದರು ಅತ್ತೆ. "ಎಲ್ಲಿ ಹಿಡೀಬೇಕು ಅಂತಾನೇ ಗೊತ್ತಿಲ್ಲ. ನೀನು ಎತ್ತಿದಾಗ ಒಂದು ದಿನಾನೂ ನೋಯಲಿಲ್ಲ ನಂಗೆ."

ಎರಡು ವರ್ಷದಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅದನ್ನು ಮನಸ್ಸಿನಲ್ಲಿ ಆಮೇಲಕ್ಕೆಂದು ಎತ್ತಿಟ್ಟು, ಅವಳು ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಬಗ್ಗಿದಳು. ಕೇಬಲ್ಲಿನ ತುದಿ ಡಿಸ್ಕಿನಲ್ಲೇ ಇತ್ತು. ಆದರೆ ಪೂರ್ತಿ ಇರಲಿಲ್ಲ, ಒಂದು ಕಡೆ ಕೂದಲೆಳೆಯ ಸಂದು ಕಾಣುತ್ತಿತ್ತು. ಹೆಚ್ಚೆಂದರೆ ಒಂದು ಮಿಲಿಮೀಟರ್. ಹೆಬ್ಬೆರಳಿಟ್ಟು ಒತ್ತಿದಳು. ಟಕ್ ಎಂದಿತು. ಕಿತ್ತಿಟ್ಟಿದ್ದ ಮೆಮೊರಿ ಪಟ್ಟಿ ಮರಳಿ ಹಾಕಿ, ಪಕ್ಕದ ಮುಚ್ಚಳ ಮುಚ್ಚಿ, ನಾಲ್ಕೂ ಸ್ಕ್ರೂ ಬಿಗಿದಳು. ಅಡುಗೆ ಮುಗಿಸಿ ಬಂದು ಮತ್ತೆ ಮೊದಲಿನಿಂದ ಶುರುಮಾಡಿದಳು.

ಇಪ್ಪತ್ತೊಂದಕ್ಕೆ ಬಂದಿತ್ತು. ಗೋಡೆ ಗಡಿಯಾರದಲ್ಲಿ ಒಂದು ಗಂಟೆ. ಗಂಡ ಅಂಗಿಯ ತೋಳು ಮಡಿಸಿಕೊಂಡು ಬಂದ. "ಹ್ಞಾಂ, ಎತ್ತಲಾ?"

ಅವಳು ಡಬ್ಬದ ಮೇಲೆ ಅಂಗೈ ಊರಿದಳು. "ಇದು ಇಲ್ಲಿಂದ ಏಳಲ್ಲ."

"ಮತ್ತೆ ಊಟ ಎಲ್ಲಿ ಮಾಡೋದು?"

"ತಟ್ಟೆ ಕೈಯಲ್ಲಿ ಹಿಡ್ಕೊಳ್ಳಿ. ಅಡುಗೆ ಒಲೆ ಹತ್ರ ಇದೆ, ಬಡಿಸ್ಕೊಳ್ಳಿ."

"ಒಂದು ಹತ್ತು ನಿಮಿಷ ಆಚೆ ಇಟ್ರೆ ಏನು ಮುಳುಗಿಹೋಗತ್ತೆ?"

"ನನ್ನ ಕೆಲಸ."

ಅವನು ತಾಯಿಯ ಕಡೆ ನೋಡಿದ. ಅವರಾಗಲೇ ಸೊಸೆಯ ಕಡೆ ಕೈಚಾಚಿದ್ದರು. "ನಂಗೆ ತೊಡೆ ಮೇಲೆ ಕೊಡಮ್ಮ. ಕಿಟಕಿ ಹತ್ರ ಗಾಳಿನೂ ಬರತ್ತೆ."

ಗಂಡ ನಿಂತೇ ಉಂಡ. ಮೂವತ್ತೇಳು ಬಂದಾಗ ಮೂವರೂ ಅಗಿಯುವುದನ್ನು ನಿಲ್ಲಿಸಿ ಪರದೆ ನೋಡಿದರು. ಮೂವತ್ತೆಂಟಾಯಿತು. ಐವತ್ನಾಲ್ಕು ದಾಟಿತು. ಖಾಲಿ ತಟ್ಟೆ ಹಿಡಿದು ಅವನು ಸುತ್ತ ಕಣ್ಣಾಡಿಸಿದ. ಇಡಲು ಮೇಜಿನಲ್ಲಿ ಜಾಗವಿರಲಿಲ್ಲ. ಕೊನೆಗೆ ಸಿಂಕಿನ ದಾರಿ ಹಿಡಿದ. ನಲ್ಲಿ ಬಿಟ್ಟ ಸದ್ದೂ ಕೇಳಿಸಿತು.

ನೂರಾಯಿತು. ಈ ಕಂಪ್ಯೂಟರ್ ಬಳಸುವವರ ಹೆಸರೇನು ಎಂದು ಕೇಳಿತು. ಮಿಲಿಮೀಟರ್ ಎಂದು ಟೈಪ್ ಮಾಡಿದಳು.

ಅಕ್ಷರಗಳು, ಪುಟದ ಸಾಫ್ಟ್‌ವೇರ್ ಹಾಕಿಕೊಳ್ಳುವಷ್ಟರಲ್ಲಿ ಮೂರು ಗಂಟೆ. ಅಲ್ಲಿಂದ ಕೂತಳು. ಸಂಜೆಯ ಕಾಫಿಯನ್ನು ಅತ್ತೆ ಮಗನ ಕೈಲೇ ಮಾಡಿಸಿದರು. ಸಕ್ಕರೆ ಮರೆತಿದ್ದ, ಯಾರೂ ದೂರಲಿಲ್ಲ. ಸೋಮವಾರ ಒಂಬತ್ತು ನಲವತ್ತಕ್ಕೆ ಇಪ್ಪತ್ನಾಲ್ಕೂ ಪುಟ ಕಳಿಸಿದಳು.

ಹತ್ತೂಕಾಲಿಗೆ ಫೋನ್ ಬಂತು. "ಮಿಲಿಮೀಟರ್! ಅಳತೆಪಟ್ಟಿ ಇಟ್ಟು ನೋಡ್ದೆ, ಒಂದು ತಪ್ಪು ಸಿಗಲಿಲ್ಲ. ಮೊದಲನೇ ಪುಸ್ತಕ ಇವತ್ತೇ ಕಳಿಸ್ತೀನಿ. ಎಲ್ಲಿದ್ರಿ ನೀವು ಇಷ್ಟು ದಿನ?"

"ಇಲ್ಲೇ ಇದ್ದೆ ಸಾರ್," ಎಂದಳು. "ಮೇಜು ಹುಡುಕ್ತಿದ್ದೆ."