ಮಾನಿಟರ್ ಡಾಕ್ಟರ್

ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರ್ ರಿಪೇರಿಯವನನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಬಿರುದು ಯಾರೂ ಕೊಟ್ಟದ್ದಲ್ಲ, ಅವನೇ ಇಟ್ಟುಕೊಂಡದ್ದು. ಹಳೆಯ ಡಬ್ಬಾ ಮಾನಿಟರಿನ ಬೆನ್ನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಹ್ಞೂಂ" ಎನ್ನುವುದು ಅವನ ಅರ್ಧ ವಿದ್ಯೆ. ಉಳಿದರ್ಧ ಯಾವುದೆಂದು ಟೈಪಿಸ್ಟಕ್ಕನಿಗೆ ಹತ್ತು ವರ್ಷದಲ್ಲಿ ತಿಳಿದಿರಲಿಲ್ಲ.

ಅವಳ ಮಾನಿಟರಿನಲ್ಲಿ ಅಕ್ಷರಗಳು ನಡುಗತೊಡಗಿ ತಿಂಗಳಾಗಿತ್ತು. ಡಾಕ್ಟರ್ ಮೂರು ಸಲ ಅದನ್ನು ತನ್ನ ಅಂಗಡಿಗೆ ಹೊತ್ತೊಯ್ದ. ಅಲ್ಲಿ ಪರದೆ ಕಲ್ಲಿನಂತೆ ನಿಲ್ಲುತ್ತಿತ್ತು. ಇಲ್ಲಿ ತಂದಿಟ್ಟ ಕೂಡಲೇ ಮತ್ತೆ ಅದೇ ಕುಣಿತ. ತಲೆಯಲ್ಲಿ ಮಿದುಳಿದ್ದವನಾದರೆ ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ ಎಂದು ಯೋಚಿಸುತ್ತಿದ್ದ. ಈ ಮಹಾನುಭಾವ, "ಅಕ್ಕಾ, ದೋಷ ನಿಮ್ಮ ಕಣ್ಣಲ್ಲೇ ಇದೆ" ಎಂದ. ಪಾಪ, ಅವಳು ನಂಬಿ ಕನ್ನಡಕ ಹಾಕಿಸಿಕೊಂಡಳು. ಆಮೇಲೆ ಅಕ್ಷರಗಳು ಇನ್ನೂ ಸ್ಪಷ್ಟವಾಗಿ ನಡುಗಿದವು.

ಮ್ಯಾನೇಜರರ ತಾಳ್ಮೆ ಮುಗಿಯಿತು. "ನಾಳೆ ಡಾಕ್ಟ್ರು ಕೆಟ್ಟೋಗಿದೆ ಅಂತ ಬರ್ಕೊಟ್ರೆ ಇದು ಗುಜರಿಗೆ. ಹೊಸದು ಬರಲ್ಲ. ನೀವು ಕೆಳಗಡೆ ಹಳೇ ಕಡತದ ಕೋಣೆಗೆ ಹೋಗ್ಬೇಕಾಗುತ್ತೆ" ಎಂದರು. ಅಲ್ಲಿನ ಧೂಳಿನಲ್ಲಿ ಹತ್ತು ನಿಮಿಷ ನಿಂತರೂ ಅವಳಿಗೆ ಉಬ್ಬಸ ಬರುತ್ತಿತ್ತು. ಅವಳಿಗೆ ನಿಜಕ್ಕೂ ಭಯವಾಯಿತು.

ಮರುದಿನ ಬೆಳಿಗ್ಗೆ, ಹೇಗೂ ಕೊನೆಯ ದಿನವೆಂದು, ಮೇಜು ಒರೆಸಲು ನಿಂತಳು. ಮಾನಿಟರಿಗೆ ಅಂಟಿಕೊಂಡು ಭಾರದ ಸ್ಟೆಬಿಲೈಸರ್ ಕೂತಿತ್ತು. ಕರೆಂಟಿನ ಏರಿಳಿತಕ್ಕೆಂದು ತಿಂಗಳ ಹಿಂದೆ ಡಾಕ್ಟರೇ ತಂದಿಟ್ಟು, "ಯಾರೂ ಮುಟ್ಟಬಾರದು" ಎಂದು ಚೀಟಿ ಅಂಟಿಸಿದ್ದ ಪೆಟ್ಟಿಗೆ. ಅವಳು ಮುಟ್ಟಿದಳು, ಮೇಜಿನ ಆಚೆ ತುದಿಗೆ ತಳ್ಳಿದಳು. ಅಕ್ಷರಗಳು ತಟ್ಟನೆ ನಿಂತವು. ಹತ್ತಿರ ಎಳೆದಳು, ಕುಣಿದವು. ಪೆಟ್ಟಿಗೆಯೊಳಗಿನ ತಾಮ್ರದ ಸುರುಳಿಯ ಅಯಸ್ಕಾಂತದಂಥ ಸೆಳೆತಕ್ಕೆ ಪಕ್ಕದ ಪರದೆ ಅದುರುತ್ತಿತ್ತು, ಅಷ್ಟೇ. ದೂರ ತಳ್ಳಿ, ಕನ್ನಡಕ ತೆಗೆದೂ ನೋಡಿದಳು, ನಿಂತೇ ಇದ್ದವು. ಪೆಟ್ಟಿಗೆಯನ್ನು ಮೊದಲಿನ ಜಾಗದಲ್ಲೇ ಇಟ್ಟು ಕಾದಳು.

ಡಾಕ್ಟರ್ ಬಂದ, ಕಿವಿ ಹಚ್ಚಿದ, "ಹ್ಞೂಂ" ಎಂದ. "ಟ್ಯೂಬ್ ಹೋಗಿದೆ ಸಾರ್, ಇನ್ನೇನೂ ಮಾಡಕ್ಕಾಗಲ್ಲ" ಎಂದು ಮ್ಯಾನೇಜರರ ಎದುರೇ ಮೇಜಿನ ಆಚೆ ತುದಿಗೆ ಕುರ್ಚಿ ಎಳೆದು ಕೂತು ಪೆನ್ನು ತೆಗೆದ.

"ಬರೆಯೋಕ್ ಮುಂಚೆ ಇದನ್ನ ಒಂದ್ನಿಮಿಷ ಹಿಡ್ಕೊಳ್ಳಿ" ಎಂದು ಅವಳು ಸ್ಟೆಬಿಲೈಸರನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. ವೈರು ಉದ್ದವಿತ್ತು. ಪರದೆ ನಿಂತಿತು. ಮ್ಯಾನೇಜರ್ ಪರದೆ ನೋಡಿದರು, ಚೀಟಿ ನೋಡಿದರು, ಬರೆಯದ ಕಾಗದವನ್ನು ವಾಪಸ್ ಎಳೆದುಕೊಂಡರು.

"ಈಗ ವೋಲ್ಟೇಜ್ ಸರಿಯಾಯ್ತು ನೋಡಿ" ಎಂದ ಡಾಕ್ಟರ್.

ಅವಳು ಕನ್ನಡಕ ತೆಗೆದು, ಎರಡೂ ಕೈಯಲ್ಲಿ ಪೆಟ್ಟಿಗೆ ತಬ್ಬಿಕೊಂಡಿದ್ದ ಅವನ ಮೂಗಿಗೆ ಏರಿಸಿದಳು.

"ಇದು ನಿಮಗೇ ಇರ್ಲಿ ಡಾಕ್ಟ್ರೇ. ನನ್ನ ಕಣ್ಣು ಸರಿಯಾಗೇ ಇದೆ."